ಕೊನೆಯ ಹಾಳೆಯ ಇನ್ನೊಂದು ಅರ್ಧ

ಪುಸ್ತಕ ಬಂದದ್ದು ಮಂಗಳವಾರ. ಹಳೆಯ ಹೊದಿಕೆಯಲ್ಲಿ ಸುತ್ತಿಕೊಂಡು, ಇಬ್ಬರ ತೋಳುಗಳ ಮೇಲೆ, ಜ್ವರ ಬಂದ ಮುದುಕರನ್ನು ಆಸ್ಪತ್ರೆಗೆ ಹೊತ್ತು ತಂದ ಹಾಗೆ ಬಂತು. ಬೈಂಡಿಂಗ್ ಅಂಗಡಿಯ ದೊಡ್ಡ ಮೇಜಿನ ಮೇಲಿದ್ದ ರಟ್ಟು, ಕತ್ತರಿ, ಅಂಟಿನ ಬಟ್ಟಲುಗಳನ್ನೆಲ್ಲ ಚಿಕ್ಕಪ್ಪ ಮೊಣಕೈಯಿಂದ ಪಕ್ಕಕ್ಕೆ ದೂಡಿ ಜಾಗ ಮಾಡಿದರು.

"ಮೆಲ್ಲಗೆ, ಮೆಲ್ಲಗೆ. ಪಾಪ, ಬೆನ್ನು ಮುರಿದಿದೆ. ನನ್ನದೂ ಮುರಿದಿದೆ, ಆದ್ರೆ ನನ್ನನ್ನ ಯಾರೂ ಹೀಗೆ ಎತ್ಕೊಂಡು ಓಡಾಡಲ್ಲ."

ತಂದವರು ನಗಲಿಲ್ಲ. ಅದು ಚರ್ಚಿನ ನೆನಪಿನ ಪುಸ್ತಕ. ನಾಡಿಗಾಗಿ ಸತ್ತ ಸಭೆಯ ಮಕ್ಕಳಿಗೆ ತಲೆಗೊಂದು ಹಾಳೆ: ಹೆಸರು, ಹುಟ್ಟಿದ ದಿನ, ಬಿದ್ದ ಜಾಗ. ವರ್ಷವೆಲ್ಲ ಅದು ಗಾಜಿನ ಪೆಟ್ಟಿಗೆಯಲ್ಲಿ ಮಲಗಿರುತ್ತದೆ. ಒಂದು ಭಾನುವಾರ ಮಾತ್ರ ಅದನ್ನು ತೆಗೆದು, ಮೊದಲ ಹೆಸರಿನಿಂದ ಕೊನೆಯ ಹೆಸರಿನವರೆಗೆ ಗಟ್ಟಿಯಾಗಿ ಓದುತ್ತಾರೆ. ಓದಿ ಮುಗಿದ ಮೇಲೆ ಓದುವವರು ತಲೆಯೆತ್ತಿ ಸಭೆಯನ್ನು ಕೇಳಬೇಕು: "ಇನ್ನು ಯಾರಾದರೂ ಉಳಿದಿದ್ದಾರೆಯೇ?" ಹಿಂದೆ ಯಾವುದೋ ಕಾಲದಲ್ಲಿ, ಸಾವಿನ ಸುದ್ದಿ ಕಾಲ್ನಡಿಗೆಯಲ್ಲಿ ಬರುತ್ತಿದ್ದಾಗ, ಹಾಗೆ ಕೇಳಬೇಕಾಗಿತ್ತಂತೆ. ಈಗ ಯಾರೂ ಉತ್ತರಿಸುವುದಿಲ್ಲ. ಒಂದು ಉಸಿರಿನಷ್ಟು ಹೊತ್ತು ಸುಮ್ಮನಿದ್ದು, ಓದುವವರು ಎರಡೂ ಕೈಯಿಂದ ಪುಸ್ತಕ ಮುಚ್ಚುತ್ತಾರೆ. ಆ ಸದ್ದಿಗೆ ಬಾಗಿಲಲ್ಲಿ ನಿಂತವನು ಗಂಟೆ ಹೊಡೆಯುತ್ತಾನೆ.

"ಭಾನುವಾರದೊಳಗೆ ಆಗಬೇಕು," ಎಂದರು ತಂದವರು.

"ಆಗುತ್ತೆ. ನಮ್ಮ ಪುಟ್ಟ ಪಾದ್ರಿ ಹೊಲೀತಾಳೆ," ಎಂದು ಚಿಕ್ಕಪ್ಪ ಮೂಲೆಯಲ್ಲಿ ಹಾಳೆ ಮಡಿಸುತ್ತಿದ್ದ ಅಣ್ಣನ ಮಗಳತ್ತ ಗದ್ದ ಚಾಚಿದರು.

ಪುಟ್ಟ ಪಾದ್ರಿ ಎಂದರೆ ಅವಳೇ. ವಯಸ್ಸು ಇಪ್ಪತ್ತನಾಲ್ಕಾದರೂ ಆ ಹೆಸರು ಬಿಟ್ಟಿರಲಿಲ್ಲ. ಏಳು ವರ್ಷದವಳಿದ್ದಾಗ ಮೆಟ್ಟಿಲ ಮೇಲೆ ಬೊಂಬೆಗಳನ್ನು ಸಾಲಾಗಿ ಕೂರಿಸಿ ಪ್ರಸಂಗ ಮಾಡುತ್ತಿದ್ದಳು. ಒಂದು ದಿನ ಪ್ರಾರ್ಥನೆಯ ನಡುವೆ ನಕ್ಕಿತೆಂದು ಒಂದು ಬೊಂಬೆಯನ್ನು ಅಂಗಳಕ್ಕೆಸೆದಳು. ಅವಳಿಗಿಂತ ಮೂರು ವರ್ಷ ದೊಡ್ಡವನಾದ ಅಣ್ಣ ಅದರ ಮಣ್ಣು ಒರೆಸಿ ತಂದು, ಮತ್ತೆ ಸಾಲಿನ ತುದಿಯಲ್ಲಿ ಕೂರಿಸಿ, "ಇದು ನಕ್ಕಿದ್ದಲ್ಲ ಪುಟ್ಟ ಪಾದ್ರಿ, ಇದರ ಬಾಯಿ ಹೊಲಿದಿರೋದೇ ಹಾಗೆ," ಎಂದಿದ್ದ. ಅವತ್ತಿನಿಂದ ಅದೇ ಹೆಸರು.

ಅಣ್ಣ ಸತ್ತು ಹನ್ನೊಂದು ತಿಂಗಳಾಗಿತ್ತು. ಅವನ ಹೆಸರು ಈ ಪುಸ್ತಕದಲ್ಲಿರಲಿಲ್ಲ.

ಅವಳು ಹೊದಿಕೆ ಬಿಚ್ಚಿದಳು. ಚರ್ಮದ ಹೊರಕವಚ ಒಣಗಿದ ಎಲೆಯಂತೆ ಉದುರುತ್ತಿತ್ತು. ಹಳೆಯ ದಾರ ಕತ್ತರಿಸಿ, ಮಡಿಸಿದ ಹಾಳೆಗಳ ಕಂತೆಗಳನ್ನು ಒಂದೊಂದಾಗಿ ಬಿಡಿಸಿ ಸಾಲಾಗಿಟ್ಟಳು. ಕೊನೆಯದು ಕಂತೆಯೂ ಅಲ್ಲ. ನಡುವೆ ಮಡಿಸಿದ ಒಂದೇ ಹಾಳೆ. ಅದರ ಮೊದಲರ್ಧದಲ್ಲಿ ಮೇಷ್ಟ್ರ ಮಗನ ಹೆಸರು. ಇನ್ನೊಂದರ್ಧ ಖಾಲಿ.

*

ಇಷ್ಟೆಲ್ಲ ಶುರುವಾದದ್ದು ಅಜ್ಜಿಯಿಂದ ಅಂತ ಅವಳಿಗೆ ಒಮ್ಮೊಮ್ಮೆ ಅನ್ನಿಸುವುದುಂಟು. ಅಜ್ಜಿ ಸಂಜೆ ಹೊತ್ತು, ಒಲೆಯ ಮೇಲೆ ಪಾತ್ರೆ ಕುದಿಯುವಷ್ಟರಲ್ಲಿ, ಕಥೆ ಹೇಳುತ್ತಿದ್ದಳು. ಎಲ್ಲ ಅಜ್ಜಿಯರೂ ಹೇಳುತ್ತಾರೆ, ಆದರೆ ಈ ಅಜ್ಜಿಯ ಕಥೆ ಮುಗಿಯುವ ರೀತಿಯೇ ಬೇರೆ. ರಾಜಕುಮಾರ ರಾಕ್ಷಸನನ್ನು ಕೊಂದು, ಮದುವೆಯಾಗಿ, ಎಲ್ಲ ಸುಖವಾಯಿತು ಎನ್ನುವಾಗ ಅಜ್ಜಿ ಮೊಮ್ಮಕ್ಕಳ ಮುಖ ನೋಡಿ ಕೇಳುತ್ತಿದ್ದಳು: "ಈಗ ಹೇಳಿ, ಈ ಕಥೇಲಿ ಇನ್ನೂ ಯಾರು ಅಳ್ತಾ ಇದಾರೆ?" ಯಾರೂ ಇಲ್ಲವಾದರೆ ಕಥೆ ಮುಗಿಯಿತು, ಏಳಿ ತಟ್ಟೆ ಹಾಕಿ. ಒಬ್ಬರಿದ್ದರೂ ಮುಗಿದಿಲ್ಲ.

ಅಣ್ಣ ಯಾರನ್ನಾದರೂ ಹುಡುಕದೆ ಬಿಡುತ್ತಿರಲಿಲ್ಲ. "ರಾಕ್ಷಸನ ಅಮ್ಮ ಅಳ್ತಾ ಇದಾಳೆ ಅಜ್ಜಿ."

"ಅಯ್ಯೋ, ಹೌದಲ್ಲಪ್ಪಾ! ಅವಳನ್ನ ಮರೆತೇಬಿಟ್ಟಿದ್ದೆ," ಎಂದು ಅಜ್ಜಿ ಮತ್ತೆ ಕಾಲು ಮಡಿಸಿ ಕೂರುತ್ತಿದ್ದಳು. ಕಥೆ ಇನ್ನರ್ಧ ಗಂಟೆ ಬೆಳೆಯುತ್ತಿತ್ತು, ಪಾತ್ರೆ ತಳ ಹಿಡಿಯುತ್ತಿತ್ತು.

ಅವಳಿಗೆ ಉರಿಯುತ್ತಿತ್ತು. "ಸತ್ತಿದ್ದು ರಾಕ್ಷಸ ತಾನೇ! ಅವನಮ್ಮ ಅಳಲಿ ಬಿಡಜ್ಜಿ!"

ಅವಳಿಗೆ ಒಳ್ಳೆಯದು ಗೆಲ್ಲಬೇಕಿತ್ತು, ಬಾಗಿಲು ಮುಚ್ಚಬೇಕಿತ್ತು. ದೊಡ್ಡವಳಾದ ಮೇಲೂ ಪುಸ್ತಕಗಳಿಂದ ಅವಳು ಬೇಡಿದ್ದು ಅದನ್ನೇ. ಚರ್ಚಿನ ಹಿಂಬದಿಯ ಕೋಣೆಯಲ್ಲಿದ್ದ ಪುಸ್ತಕದ ಕಪಾಟುಗಳ ಬೀಗದ ಕೈ ಹತ್ತೊಂಬತ್ತನೇ ವಯಸ್ಸಿಗೇ ಅವಳಿಗೆ ಸಿಕ್ಕಿತು. ಹೊಸದಾಗಿ ಬಂದ ಪ್ರತಿ ಪುಸ್ತಕವನ್ನೂ ಮೊದಲು ಅವಳು ಓದಬೇಕು. ಓದಿ, ರಟ್ಟಿನ ಒಳಗೆ ಚೀಟಿ ಅಂಟಿಸಬೇಕು. "ಎಲ್ಲರೂ ಓದಬಹುದು", "ದೊಡ್ಡವರು ಓದಬಹುದು", ಇಲ್ಲವೇ "ಬೇಡ". ಅದನ್ನವಳು ಅಧಿಕಾರವೆಂದುಕೊಂಡಿರಲಿಲ್ಲ, ಬಾವಿಯ ನೀರನ್ನು ಮೊದಲು ಕುಡಿದು ನೋಡುವವಳ ಕೆಲಸ ಎಂದುಕೊಂಡಿದ್ದಳು. ಕೆಟ್ಟದ್ದನ್ನು ಚೆಂದವಾಗಿ ಹೇಳಿದರೆ ಅದು ಇನ್ನೂ ಕೆಟ್ಟದ್ದಾಗುತ್ತದೆ ಎಂದು ನಂಬಿದ್ದಳು. ಇವತ್ತಿಗೂ ಆ ನಂಬಿಕೆ ಪೂರ್ತಿ ಹೋಗಿಲ್ಲ.

ಮೂರು ವರ್ಷದ ಹಿಂದೆ ಒಂದು ಕಾದಂಬರಿ ಬಂತು. ಬಂದೂಕು ಎಸೆದು ಗಡಿಯಿಂದ ಓಡಿಬಂದ ಸಿಪಾಯಿಯೊಬ್ಬನ ಕಥೆ. ಓದುತ್ತ ಅವಳಿಗೇ ಕಣ್ಣು ತುಂಬಿತು, ಆಮೇಲೆ ತನ್ನ ಮೇಲೆ ಸಿಟ್ಟು ಬಂತು. ಆಗ ಅಣ್ಣ ಗಡಿಯಲ್ಲಿದ್ದ. ಅದೇ ತಿಂಗಳು ಮೇಷ್ಟ್ರ ಒಬ್ಬನೇ ಮಗ ಅಲ್ಲಿ ಸತ್ತಿದ್ದ. ಅವಳು "ಬೇಡ" ಚೀಟಿ ಅಂಟಿಸಿದ್ದಲ್ಲದೆ, ಸಭೆಯ ಮಾಸಪತ್ರಿಕೆಯಲ್ಲಿ ಒಂದು ಪುಟ ಬರೆದಳು. ಅದರ ಕೊನೆಯ ಸಾಲುಗಳು ಹೀಗಿದ್ದವು: ನಿಂತು ಸತ್ತವನ ತಾಯಿತಂದೆಗೆ ಮಗನ ಬದಲು ಒಂದು ಹೆಸರು ಸಿಗುತ್ತದೆ. ಓಡಿದವನ ಹೆಸರನ್ನು ಅದರ ಪಕ್ಕದಲ್ಲಿಟ್ಟರೆ ಅದನ್ನೂ ಅವರ ಕೈಯಿಂದ ಕಿತ್ತುಕೊಂಡಂತೆ. ಬೆನ್ನು ತಿರುಗಿಸಿದವನಿಗಾಗಿ ಕಣ್ಣೀರು ಬೇಡುವ ಪುಸ್ತಕ ನಮ್ಮ ಕಪಾಟಿಗೆ ಬೇಡ. ಅಂಥವನ ಹೆಸರು ನಮ್ಮ ಪ್ರಾರ್ಥನೆಗೂ ಬೇಡ.

ಪಾದ್ರಿಗಳು ಅದನ್ನು ಪೀಠದ ಮೇಲಿಂದ ಓದಿಸಿದರು. ಹಿರಿಯರ ಮಂಡಳಿ ಮುಂದಿನ ಸಭೆಯಲ್ಲೇ ಅದನ್ನು ನಿಯಮ ಮಾಡಿತು. ಅಮ್ಮ ಪತ್ರಿಕೆಯ ಒಂದು ಪ್ರತಿಯನ್ನು ಹೆಮ್ಮೆಯಿಂದ ಮಗನಿಗೂ ಕಳಿಸಿದಳು.

ಮಗ ಮರುವರ್ಷ ಮನೆಗೆ ಬಂದ. ಮೈಮೇಲೆ ಸಮವಸ್ತ್ರವಿರಲಿಲ್ಲ. ನದಿಯಾಚೆ ಒಂದು ಮನೆಯ ಮೇಲೆ ಗುಂಡು ಹಾರಿಸಲು ಹೇಳಿದ್ದರಂತೆ. ಇವನು ಬಂದೂಕು ಕೆಳಗಿಟ್ಟನಂತೆ. ಆರು ತಿಂಗಳು ಸೆರೆ, ಆಮೇಲೆ ಹೊರಗೆ. ಯಾಕೆ ಹಾಗೆ ಮಾಡಿದೆ ಎಂದು ಚಿಕ್ಕಪ್ಪ ಕೇಳಿದ್ದಕ್ಕೆ, "ಒಳಗೆ ಯಾರೋ ಅಳ್ತಾ ಇದ್ರು ಚಿಕ್ಕಪ್ಪ," ಎಂದಷ್ಟೇ ಹೇಳಿದ.

ಒಂಬತ್ತು ದಿನ ಅವನು ಬೈಂಡಿಂಗ್ ಅಂಗಡಿಯಲ್ಲಿ ಅವಳ ಎದುರಿಗೇ ಕೂತು ಹಾಳೆ ಮಡಿಸಿದ. ಒಂಬತ್ತು ದಿನವೂ ಅವಳು ಮಾತಾಡಲಿಲ್ಲ. ಹಾಳೆಯ ಮಡಿಕೆ ತೀಡುವ ಮೂಳೆಯ ಪಟ್ಟಿ ಒಂದೇ ಇತ್ತು. ಅದನ್ನು ಕೈಗೆ ಕೊಡದೆ ಮೇಜಿನ ಮೇಲೆ ಜಾರಿಸುತ್ತಿದ್ದಳು. ಒಂಬತ್ತನೇ ದಿನ ಅವನು, ಅದೇ ಹಳೆಯ ನಗೆ ನಕ್ಕು, "ನಿನ್ನ ಬರಹ ಅಲ್ಲೂ ಬಂದಿತ್ತು ಪುಟ್ಟ ಪಾದ್ರಿ. ಚೆನ್ನಾಗಿ ಬರೆದಿದ್ದೆ. ಅಜ್ಜಿ ಕೇಳೋದನ್ನ ಕೇಳೋಕೆ ಮಾತ್ರ ಮರೆತುಬಿಟ್ಟಿದ್ದೆ," ಎಂದ.

ಅವಳು ತಲೆಯೆತ್ತದೆ ಹೇಳಿದಳು: "ಓಡಿಬಂದೋರಿಗೆ ಕಥೆ ಇಲ್ಲ."

ಮರುದಿನ ಬೆಳಿಗ್ಗೆ ಅವನ ಹಾಸಿಗೆ ಮಡಿಸಿಟ್ಟಿತ್ತು. ಅವನು ಮತ್ತೆ ಗಡಿಯ ಹತ್ತಿರಕ್ಕೇ ಹೋಗಿದ್ದ. ಮನೆ ಕಳಕೊಂಡು ಬಂದವರ ಶಿಬಿರದಲ್ಲಿ ರೋಗಿಗಳನ್ನು ಹೊರುವ ಕೆಲಸ ಹಿಡಿದ. ಅಲ್ಲಿನ ಜ್ವರವೇ ಅವನಿಗೂ ಬಂತು. ಶಿಬಿರದ ದಾದಿ ಬರೆದ ಕಾಗದದಲ್ಲಿ ನಾಲ್ಕೇ ಸಾಲಿದ್ದವು.

*

"ಮಂಡಳಿಯವರು ನಿನ್ನ ಮಾತು ಕೇಳ್ತಾರೆ," ಎಂದಳು ಅಮ್ಮ ಬುಧವಾರ ಬೆಳಿಗ್ಗೆ, ನೆಲ ಒರೆಸುತ್ತ, ಅವಳ ಮುಖ ನೋಡದೆ. "ನಾನು ಹೋದ್ರೆ ಅತ್ತುಬಿಡ್ತೀನಿ. ನೀನು ಹೋಗಿ ಕೇಳು. ಒಂದು ಸಲ ಅವನ ಹೆಸರು ಅಲ್ಲಿ ಓದಿದ್ರೆ ಸಾಕು. ಮತ್ತೇನೂ ಬೇಡ ನನಗೆ."

ಅವನು ಹೋದಾಗಿನಿಂದ ಅಮ್ಮ ಮಗಳನ್ನು ಏನೂ ಕೇಳಿರಲಿಲ್ಲ. ಬೈದಿರಲೂ ಇಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮಧ್ಯಾಹ್ನ ಅವಳು ಮೇಷ್ಟ್ರ ಮನೆಗೆ ಹೋದಳು. ಅವರು ನಿವೃತ್ತರು, ಹೆಂಡತಿ ಎಂದೋ ತೀರಿಕೊಂಡಿದ್ದರು. ಮಂಡಳಿಯ ಕಾರ್ಯದರ್ಶಿಯೂ ಅವರೇ, ಪುಸ್ತಕ ಓದುವವರೂ ಅವರೇ. ಕೋಣೆಯಲ್ಲಿ ಒಂದೇ ಕುರ್ಚಿ. ಅದನ್ನು ಅವಳಿಗೆ ಕೊಟ್ಟು ತಾವು ಮಂಚದ ಅಂಚಿನಲ್ಲಿ ಕೂತರು. ಮಂಚದ ಕೆಳಗೆ ಮಗನ ಬೂಟುಗಳಿದ್ದವು, ಹೊಳೆಯುವಂತೆ ಉಜ್ಜಿದ್ದವು.

"ಯಾಕೆ ಬಂದಿದೀಯ ಅಂತ ಗೊತ್ತು ಮಗಳೇ," ಎಂದರು. "ನಿನ್ನಣ್ಣ ನನ್ನ ಶಿಷ್ಯ. ತರಗತೀಲಿ ನನ್ನ ಮಗನ ಪಕ್ಕದಲ್ಲೇ ಕೂರ್ತಿದ್ದ. ಇಬ್ಬರಿಗೂ ಒಂದೇ ಬೆತ್ತದಲ್ಲಿ ಹೊಡೆದಿದೀನಿ."

"ಹಾಗಿದ್ರೆ ಮೇಷ್ಟ್ರೇ..."

ಅವರು ಕೈಯೆತ್ತಿ ತಡೆದು, ಕನ್ನಡಕದ ಡಬ್ಬಿ ತೆರೆದರು. ಒಳಗೆ ಕನ್ನಡಕವಿರಲಿಲ್ಲ. ಚಿಕ್ಕದಾಗಿ ಮಡಿಸಿದ ಒಂದು ಕಾಗದವಿತ್ತು. ಬಿಡಿಸಿದಾಗ ಅವಳಿಗೆ ತನ್ನದೇ ಸಾಲುಗಳು ಕಂಡವು. ಮಾಸಪತ್ರಿಕೆಯಿಂದ ಕತ್ತರಿಸಿದ ಪುಟ.

"ಅವನು ಹೋದ ಮೇಲೆ ನಾನು ಊಟ ಬಿಟ್ಟಿದ್ದೆ. ಪಾದ್ರಿಗಳು ಬಂದ್ರು, ಪ್ರಾರ್ಥನೆ ಮಾಡಿದ್ರು, ನನಗೆ ಒಂದಕ್ಷರ ಕೇಳಿಸ್ಲಿಲ್ಲ. ಆಮೇಲೆ ಇದು ಬಂತು. 'ಮಗನ ಬದಲು ಒಂದು ಹೆಸರು ಸಿಗುತ್ತದೆ.' ಇಪ್ಪತ್ತೊಂದು ವರ್ಷದ ಹುಡುಗಿ ಬರೆದಿದ್ದು! ಅವತ್ತು ಎದ್ದು ಅಡುಗೆ ಮಾಡ್ಕೊಂಡೆ." ಅವರ ಬೆರಳು ಮಡಿಕೆಯ ಮೇಲೆ ಮೆಲ್ಲಗೆ ಓಡಾಡಿತು. "ನನಗಿರೋದು ಇಷ್ಟೇ. ನಿನ್ನಣ್ಣನ ಹೆಸರನ್ನ ನನ್ನ ಮಗನ ಪಕ್ಕದಲ್ಲಿ ಓದು ಅಂದ್ರೆ ಇದನ್ನ ಹರಿದುಹಾಕು ಅಂದ ಹಾಗೆ. ನೀನೇ ಹೇಳು, ನೀನು ಬರೆದದ್ದು ಸುಳ್ಳಾ?"

ಸುಳ್ಳು ಎಂದರೆ ಈ ಮುದುಕರು ಇವತ್ತಿನಿಂದ ಮತ್ತೆ ಉಪವಾಸ. ನಿಜ ಎಂದರೆ ಅಣ್ಣ ಹೊರಗೆ. ನಾಡನ್ನು ಪ್ರೀತಿಸಬೇಕೆಂದು ಬರೆದದ್ದು ಸುಳ್ಳಲ್ಲ. ನಿಂತು ಸತ್ತವನು ದೊಡ್ಡವನೆಂದದ್ದೂ ಸುಳ್ಳಲ್ಲ. ಆದರೂ ಎಲ್ಲೋ ಒಂದು ಹೊಲಿಗೆ ತಪ್ಪಿತ್ತು, ಮತ್ತು ಆ ತಪ್ಪು ಒಬ್ಬನ ಜೀವದೊಳಗಿಂದ ಹಾದುಹೋಗಿತ್ತು.

"ಗೊತ್ತಿಲ್ಲ ಮೇಷ್ಟ್ರೇ," ಎಂದಳು.

ಅವರಿಗದು ಕೇಳಿಸಿತೋ ಇಲ್ಲವೋ. "ಓದಿ ಓದಿ ಮಡಿಕೆ ಹರಿದುಹೋಗಿದೆ ನೋಡು. ನೀನು ಬೈಂಡಿಂಗ್‌ನವಳು, ಏನಾದ್ರೂ ಮಾಡೋಕಾಗುತ್ತಾ?"

ಅವಳು ಕೈ ಚಾಚಿ ಅದನ್ನು ತೆಗೆದುಕೊಂಡಳು. ಬಾಗಿಲವರೆಗೆ ಬಂದು ಮೇಷ್ಟ್ರು ಇನ್ನೊಂದು ಮಾತು ಹೇಳಿದರು: "ಕೊನೇಲಿ ಒಂದು ಖಾಲಿ ಹಾಳೆ ಇದೆ. ಅದನ್ನ ಕತ್ತರಿಸಿಬಿಡು. ಇನ್ನು ಯಾರ ಮನೇಗೂ ಆ ಸುದ್ದಿ ಬರೋದು ಬೇಡ. ನನ್ನ ಮಗನೇ ಕೊನೆಯವನಾಗ್ಲಿ."

*

ಗುರುವಾರ, ಶುಕ್ರವಾರ ಅವಳು ಹೊಲಿದಳು. ಮೇಣ ಸವರಿದ ದಾರ, ದಬ್ಬಣದ ತೂತು, ಒಳಗಿಂದ ಹೊರಗೆ, ಹೊರಗಿಂದ ಒಳಗೆ. ಪ್ರತಿ ಕಂತೆಯ ನಡುಮಡಿಕೆ ತೆರೆದಾಗ ಯಾರದೋ ಹೆಸರು ಮೇಲೆ ನೋಡುತ್ತಿತ್ತು. ಮೊದಲು ಇವರೆಲ್ಲ ಅವಳಿಗೆ ಬರೀ ವೀರರಾಗಿದ್ದರು. ಈಗ ಪ್ರತಿಯೊಬ್ಬನ ಹಿಂದೆಯೂ ನೆಲ ಒರೆಸುವ ಒಬ್ಬ ಅಮ್ಮ ಕಂಡಳು.

ಚಿಕ್ಕಪ್ಪ ಅಂಟು ಕಲಸುತ್ತ ಅವಳನ್ನೇ ನೋಡುತ್ತಿದ್ದರು. ತಮಾಷೆ ಬಿಟ್ಟು ಮಾತಾಡಿ ಅವರಿಗೆ ಅಭ್ಯಾಸವಿರಲಿಲ್ಲ.

"ಆ ಖಾಲಿ ಅರ್ಧ ಇದೆಯಲ್ಲ," ಎಂದರು ಕಡೆಗೆ, ಅಂಟಿನ ಬಟ್ಟಲಿಗೆ ಹೇಳುವವರಂತೆ. "ನಿನ್ನ ಕೈಬರಹ ದುಂಡಗಿದೆ. ಒಂದು ಸಾಲು ಬರೆದ್ರೆ ಹಳೇ ಹೆಸರುಗಳ ಥರಾನೇ ಕಾಣುತ್ತೆ. ಮೇಷ್ಟ್ರು ಕನ್ನಡಕವಿಲ್ಲದೆ ಓದೋದು. ಬಾಯಿಗೆ ಬಂದಮೇಲೆ ನುಂಗೋಕಾಗುತ್ತಾ?"

ಅವಳಿಗೆ ಆ ಆಸೆ ಮಂಗಳವಾರವೇ ಬಂದಿತ್ತು. ಮೂರು ದಿನದಿಂದ ಪಕ್ಕದಲ್ಲೇ ಕೂತಿತ್ತು.

"ಅದು ಸುಳ್ಳು ಚಿಕ್ಕಪ್ಪ."

"ಹೂಂ, ಪುಟ್ಟ ಪಾದ್ರಿಗೆ ಸುಳ್ಳಾಗದು."

"ನನಗಲ್ಲ. ಅವನಿಗೆ." ಅವಳ ದಾರ ಗಂಟಾಯಿತು. "ಕದ್ದು ಹೊಲಿದ ಜಾಗದಲ್ಲಿ ಅವನು ಕೂರಲ್ಲ. ಬಂದೂಕು ಇಟ್ಟಿದ್ದೂ ಎಲ್ಲರ ಕಣ್ಣೆದುರಿಗೇ ತಾನೇ."

ಚಿಕ್ಕಪ್ಪ ಅಂಗಡಿಯ ಹಿಂಬದಿಗೆ ಹೋಗಿ ಬಹಳ ಹೊತ್ತು ಮೂಗು ಒರೆಸಿಕೊಳ್ಳುತ್ತಿದ್ದರು. ಬಂದು, "ಈ ಅಂಟಿನ ಘಾಟು," ಎಂದರು.

ಶನಿವಾರ ಅವಳು ಮೇಷ್ಟ್ರ ಕಾಗದವನ್ನು ಮೇಜಿನ ಮೇಲೆ ಹರಡಿದಳು. ಹರಿದ ಮಡಿಕೆಗಳ ಅಂಚು ಸೇರಿಸಿ, ಹಿಂದಿನಿಂದ ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಕಾಗದದ ಪಟ್ಟಿ ಅಂಟಿಸಿದಳು. "ಓಡಿದವನ ಹೆಸರನ್ನು" ಎಂಬಲ್ಲಿ ಹರಿದದ್ದು ಜಾಸ್ತಿ. ಅಕ್ಷರಗಳು ಒಂದಕ್ಕೊಂದು ಕೂಡುವಂತೆ, ಉಸಿರು ಹಿಡಿದು, ಸೂಜಿಯ ಮೊನೆಯಿಂದ ಸರಿಸಿ ಸರಿಸಿ ಕೂರಿಸಿದಳು. ಅಷ್ಟು ಜೋಪಾನವಾಗಿ ಅವಳು ಯಾವ ಪುಸ್ತಕವನ್ನೂ ರಿಪೇರಿ ಮಾಡಿರಲಿಲ್ಲ. ಕೆಲಸ ಮುಗಿದಾಗ ಅವಳು ಬರೆದ ಮಾತು ಮೊದಲಿಗಿಂತ ಗಟ್ಟಿಯಾಗಿತ್ತು.

ಸಂಜೆ ಮೇಷ್ಟ್ರು ಪುಸ್ತಕ ನೋಡಲು ಬಂದರು. ಹೊಸ ಬೆನ್ನನ್ನು ಸವರಿದರು. ಕೊನೆಗೆ ಬಂದು, "ಖಾಲಿ ಹಾಳೆ ಹಾಗೇ ಇದೆಯಲ್ಲ?" ಎಂದರು.

"ಕತ್ತರಿಸೋಕಾಗಲ್ಲ ಮೇಷ್ಟ್ರೇ. ಎರಡೂ ಒಂದೇ ಹಾಳೆ, ನಡುವೆ ಮಡಿಸಿರೋದು. ಹೊಲಿಗೆ ಮಡಿಕೆ ಮೇಲಿದೆ. ಆ ಅರ್ಧ ತೆಗೆದ್ರೆ ಈ ಅರ್ಧ ಬಿದ್ದುಹೋಗುತ್ತೆ."

"ಈ ಅರ್ಧ ಅಂದ್ರೆ..."

"ನಿಮ್ಮ ಮಗ."

ಮೇಷ್ಟ್ರು ಎರಡೂ ಬದಿ ಬೆರಳಿಟ್ಟು ನೋಡಿದರು. ತಮ್ಮ ಕಾಗದ ಪಡೆದು, ಕನ್ನಡಕದ ಡಬ್ಬಿಯಲ್ಲಿಟ್ಟುಕೊಂಡು ಹೊರಟರು.

*

ಭಾನುವಾರ ಅಮ್ಮ ಒಳ್ಳೆಯ ಬಟ್ಟೆ ಉಟ್ಟಳು. ಮೇಷ್ಟ್ರು ಒಪ್ಪಲಿಲ್ಲವೆಂದು ಮಗಳು ಹೇಳಿದ್ದಳು, ಆದರೂ ಉಟ್ಟಳು. ಇಬ್ಬರೂ ನಾಲ್ಕನೇ ಬೆಂಚಿನಲ್ಲಿ ಕೂತರು. ಮೇಷ್ಟ್ರು ಕನ್ನಡಕವಿಲ್ಲದೆ, ಪುಟ ನೋಡಿಯೂ ನೋಡದೆ, ಬಾಯಿಪಾಠವಾಗಿದ್ದ ಹೆಸರುಗಳನ್ನು ಒಂದೊಂದಾಗಿ ಓದಿದರು. ಹೊಸ ಹೊಲಿಗೆಯ ಪುಟಗಳು ಸದ್ದಿಲ್ಲದೆ ತಿರುಗಿದವು. ಕೊನೆಯಲ್ಲಿ ಮಗನ ಹೆಸರು ಓದುವಾಗ ಅವರ ಧ್ವನಿ ಸ್ವಲ್ಪವೂ ಅಲುಗಲಿಲ್ಲ. ತಲೆಯೆತ್ತಿ ಕೇಳಿದರು:

"ಇನ್ನು ಯಾರಾದರೂ ಉಳಿದಿದ್ದಾರೆಯೇ?"

ಅಮ್ಮನ ಕೈ ಅವಳ ಕೈಯೊಳಗಿತ್ತು. ಆ ಕೈ ಏನನ್ನೂ ಕೇಳಲಿಲ್ಲ, ಹಿಂಡಲೂ ಇಲ್ಲ. ಆದರೆ ಅವಳಿಗೆ ಆ ಪ್ರಶ್ನೆ ಬೇರೆ ಧ್ವನಿಯಲ್ಲಿ, ಕುದಿಯುವ ಪಾತ್ರೆಯ ಸದ್ದಿನ ಜೊತೆ ಕೇಳಿಸಿತು. ಎದ್ದು ನಿಂತಳು.

"ಒಬ್ಬ ಉಳಿದಿದಾನೆ ಮೇಷ್ಟ್ರೇ." ಅಣ್ಣನ ಹೆಸರು ಹೇಳಿದಳು. ಹುಟ್ಟಿದ ದಿನ ಹೇಳಿದಳು. ಶಿಬಿರದ ಹೆಸರು ಹೇಳಿದಳು.

"ಅವನು ಓಡಿಬಂದವನಲ್ವಾ," ಎಂದರು ಹಿಂದಿನಿಂದ ಯಾರೋ. "ಇವಳೇ ಬರೆದಿದ್ದಲ್ವಾ," ಎಂದರು ಇನ್ಯಾರೋ.

"ನಾನೇ ಬರೆದದ್ದು. ಮೇಷ್ಟ್ರ ಮಗನ ಬಗ್ಗೆ ಬರೆದದ್ದು ಅಷ್ಟೂ ನಿಜ, ಅದರಲ್ಲಿ ಒಂದಕ್ಷರ ವಾಪಸ್ ತಗೊಳ್ಳಲ್ಲ." ಅವಳು ಮುಂದಿನ ಬೆಂಚಿನ ಅಂಚು ಹಿಡಿದಳು. "ಮಿಕ್ಕಿದ್ದನ್ನ ನಾನು ಅಳೋರು ಯಾರು ಅಂತ ನೋಡದೆ ಬರೆದುಬಿಟ್ಟೆ. ಅವನು ಓಡಿ ಬರಲಿಲ್ಲ. ನಾನು ಓಡಿಸಿದೆ."

ಒಂದು ಉಸಿರಿನಷ್ಟು ಹೊತ್ತು ಕಳೆಯಿತು, ಮತ್ತೊಂದರಷ್ಟು, ಮತ್ತೊಂದರಷ್ಟು. ಮೇಷ್ಟ್ರು ಪುಟ ತಿರುಗಿಸಿದರು. ಖಾಲಿ ಅರ್ಧ. ಅದನ್ನು ಓದುವವರಂತೆ ನೋಡುತ್ತಲೇ ನಿಂತರು.

"ಬರೆದಿರೋದನ್ನಷ್ಟೇ ಓದೋಕೆ ನನಗೆ ಅಧಿಕಾರ ಮಗಳೇ," ಎಂದರು. ಈ ಸಲ ಧ್ವನಿ ಅಲುಗಿತು.

ಪುಸ್ತಕ ಮುಚ್ಚಲು ಎರಡೂ ಕೈ ಎತ್ತಿದರು. ಕೈಗಳು ಹಾಳೆಯ ಮೇಲೆ ಕೂತವು, ಮುಚ್ಚಲಿಲ್ಲ. ಹಾಗೇ ತೆರೆದಿಟ್ಟು, ಮೆಟ್ಟಿಲಿಳಿದು, ಎದೆಯ ಜೇಬಿನ ಡಬ್ಬಿಯನ್ನು ಅಂಗೈಯಿಂದ ಒತ್ತಿಕೊಂಡು, ನಡುದಾರಿಯಲ್ಲಿ ಯಾರನ್ನೂ ನೋಡದೆ ಹೊರಗೆ ಹೋದರು. ಬಾಗಿಲಲ್ಲಿ ಹಗ್ಗ ಹಿಡಿದವನು ಮುಚ್ಚುವ ಸದ್ದಿಗೆ ಕಾದೇ ಕಾದ. ಆ ವರ್ಷ ಗಂಟೆ ಹೊಡೆಯಲಿಲ್ಲ, ಅವಳ ಅಣ್ಣನಿಗೂ ಇಲ್ಲ, ಮೇಷ್ಟ್ರ ಮಗನಿಗೂ ಇಲ್ಲ.

ಜನ ಅವರಿಬ್ಬರನ್ನು ಬಿಟ್ಟು ಪಕ್ಕದಿಂದ ಹಾದುಹೋದರು. ಅಮ್ಮ ಬೆಂಚಿನಲ್ಲೇ ಕೂತಿದ್ದಳು.

"ಹೇಳಿದೆಯಲ್ಲ, ಸಾಕು," ಎಂದಳು. ಸ್ವಲ್ಪ ಹೊತ್ತಿನ ಮೇಲೆ, ಬೈಗುಳವಲ್ಲದ, ಬರೀ ದಣಿದ ದನಿಯಲ್ಲಿ, "ಅವನು ಎದುರಿಗೆ ಕೂತಿದ್ದಾಗ ಒಂದು ಮಾತು ಹೀಗೆ ಹೇಳಿದ್ದಿದ್ರೆ..." ಎಂದು ಅಲ್ಲಿಗೇ ನಿಲ್ಲಿಸಿದಳು.

ಅವಳು ಹಿಂಬದಿಯ ಕೋಣೆಗೆ ಹೋಗಿ ಕೆಳಗಿನ ಕಪಾಟಿನ ಬೀಗ ತೆಗೆದಳು. ಆ ಕಾದಂಬರಿ ಇಟ್ಟಲ್ಲೇ ಇತ್ತು. ಒದ್ದೆ ಬಟ್ಟೆಯ ತುದಿಯಿಂದ ಚೀಟಿಯನ್ನು ನೆನೆಸಿದಳು, ಕಾದಳು, ಉಗುರಿನಿಂದ ಅಂಚು ಎಬ್ಬಿಸಲು ನೋಡಿದಳು. ಬರಲಿಲ್ಲ. ಮತ್ತೆ ನೆನೆಸಿದಳು. ಅಂಟು ಅವಳೇ ಕಲಸಿದ್ದು, ನೂರು ವರ್ಷ ಬಿಡಬಾರದೆಂದು ಚಿಕ್ಕಪ್ಪ ಕಲಿಸಿಕೊಟ್ಟ ಅಳತೆಯಲ್ಲಿ. ಚೀಟಿಯ ಮೂಲೆ ಹರಿದು ಬೆರಳಿಗಂಟಿತು. "ಬೇಡ" ಹಾಗೇ ಉಳಿಯಿತು.

ಕಥೆಯಲ್ಲಿ ಇನ್ನೂ ಯಾರು ಅಳುತ್ತಿದ್ದಾರೆಂದು ಕೇಳಿದರೆ ಈಗ ಅವಳು ಒಬ್ಬೊಬ್ಬರನ್ನೇ ಹೇಳಬಲ್ಲಳು, ಬೆಂಚಿನಲ್ಲಿ ಕೂತವಳಿಂದ ಹಿಡಿದು ನದಿಯಾಚೆಯ ಮನೆಯೊಳಗಿದ್ದವರವರೆಗೆ. ಮತ್ತೆ ಕಾಲು ಮಡಿಸಿ ಕೂತು ಕಥೆ ಮುಂದುವರಿಸುವವಳು ಮಾತ್ರ ಇರಲಿಲ್ಲ.

"ಪುಟ್ಟ ಪಾದ್ರಿ," ಎಂದು ಬಾಗಿಲಲ್ಲಿ ಅಮ್ಮ ಕರೆದಳು. ಆ ಹೆಸರಿನಿಂದ ಅಮ್ಮ ಎಂದೂ ಕರೆದವಳಲ್ಲ. "ಬಾ, ಮನೆಗೆ ಹೋಗೋಣ."